ಉಪ್ಪಾಗೆ ಎಂಬ ಹುಳಿಯ ಬೆನ್ನು ಹತ್ತಿ

ಅಮೆರಿಕದಲ್ಲಿ ಮಾರುವ ತೂಕ ಇಳಿಸುವ ಗುಳಿಗೆಗಳ ಡಬ್ಬಿಯ ಮೇಲೆ ಒಂದು ಹಳದಿ ಹಣ್ಣಿನ ಚಿತ್ರ ಇರುತ್ತದೆ. ಅಲ್ಲಿ ಅದರ ಹೆಸರು ಗಾರ್ಸಿನಿಯಾ ಕ್ಯಾಂಬೋಜಿಯಾ. ಶಿರಸಿ, ಸಿದ್ದಾಪುರದ ಕಡೆ ಅದೇ ಉಪ್ಪಾಗೆ. ಈಗ ಆ ಬಗೆಯ ಡಬ್ಬಿಗಳು ನಮ್ಮ ತುಮಕೂರು, ಶಿರಾದ ಔಷಧಿ ಅಂಗಡಿಗಳಿಗೂ ಬಂದು ಕೂತಿವೆ. ಕೊಡವರ ಹಂದಿ ಸಾರಿಗೆ, ಮಲಯಾಳಿಗಳ ಮೀನು ಸಾರಿಗೆ ಹುಳಿ ಕೊಡುತ್ತಿದ್ದ ಹಣ್ಣು ಸೊಂಟಕ್ಕೆ ಅಳತೆಪಟ್ಟಿ ಸುತ್ತಿಕೊಂಡ ಹೆಣ್ಣಿನ ಚಿತ್ರದ ಪಕ್ಕ ಹೇಗೆ ಬಂದು ನಿಂತಿತು ಎಂಬ ಕುತೂಹಲ ನನಗೆ ಬಹಳ ಕಾಲದಿಂದ ಇತ್ತು.

ಕಳೆದ ಮಳೆಗಾಲದಲ್ಲಿ ಗೆಳೆಯನ ಮನೆಗೆ ಹೋಗುವ ನೆಪ ಮಾಡಿಕೊಂಡು ಆ ಹಣ್ಣಿನ ಸೀಮೆಗೆ ಹೋಗಿಬಂದೆ. ಉಂಚಳ್ಳಿ ನೋಡಿದ್ದಾಯಿತು, ಜೋಗ ನೋಡಿದ್ದಾಯಿತು, ತೆಗೆದ ಫೋಟೊಗಳೆಲ್ಲ ಮೊಬೈಲಿನಲ್ಲಿವೆ. ಅವನ್ನು ಮತ್ತೆ ತೆರೆದು ನೋಡಿದ್ದಿಲ್ಲ. ಉಪ್ಪಾಗೆ ಮಾತ್ರ ಊರಿಗೆ ಬಂದ ಮೇಲೂ ತಲೆ ಕೊರೆಯುತ್ತಿದೆ.

ಬಯಲುಸೀಮೆಯವನಿಗೆ ಶಿರಸಿಯ ಆಷಾಢ ಮೊದಲು ಕಿವಿಗೆ ಸಿಗುತ್ತದೆ, ಆಮೇಲೆ ಕಣ್ಣಿಗೆ. ನಮ್ಮ ಶಿರಾದಲ್ಲಿ ಮಳೆ ಬಂದರೆ ಜನ ಬಾಗಿಲಿಗೆ ಬಂದು ನಿಂತು ನೋಡುತ್ತಾರೆ. ಅಲ್ಲಿ ಹೆಂಚಿನ ಮೇಲೆ ಹಗಲೂ ರಾತ್ರಿ ಸದ್ದಾಗುತ್ತಿದ್ದರೂ ಯಾರೂ ತಲೆ ಎತ್ತುವುದಿಲ್ಲ. ಗೆಳೆಯನ ಮನೆ ಅಡಿಕೆ ತೋಟದ ಅಂಚಿಗಿದೆ. ಕೊಳೆರೋಗಕ್ಕೆ ಮದ್ದು ಹೊಡೆಯಲು ಒಂದೆರಡು ಗಂಟೆಯ ಹೊಳವು ಸಿಕ್ಕರೆ ಸಾಕು ಎಂದು ಮನೆಯವರೆಲ್ಲ ಆಕಾಶಕ್ಕಿಂತ ಹೆಚ್ಚಾಗಿ ಮೊಬೈಲಿನ ಹವಾಮಾನ ನೋಡುತ್ತಿದ್ದರು. ಮದ್ದು ಹೊಡೆಯುವವರು ಸಿಕ್ಕಿರಲಿಲ್ಲ. ಆ ತಲೆಬಿಸಿಯ ನಡುವೆಯೂ ಊಟಕ್ಕೆ ಎಲೆ ಹಾಕುವುದರಲ್ಲಿ ಏನೂ ಕಡಿಮೆ ಮಾಡಲಿಲ್ಲ.

"ತಮಾ, ಮೊದಲು ತಂಬುಳಿ ಉಣ್ಣು," ಎಂದರು ಗೆಳೆಯನ ಅಮ್ಮ. ತಂಬುಳಿ ಅಲ್ಲಿ ಊಟದ ಮುನ್ನುಡಿ. ಸೊಪ್ಪನ್ನು ತುಸು ಬಾಡಿಸಿಯೋ ಹಸಿಯಾಗಿಯೋ ತೆಂಗಿನಕಾಯಿ, ಜೀರಿಗೆ, ಒಂದೆರಡು ಕಾಳುಮೆಣಸಿನ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸುತ್ತಾರೆ. ಕುದಿಸುವುದಿಲ್ಲ. ಅಂದಿನದು ತೋಟದ ಬದುವಿನಲ್ಲಿ ಹಬ್ಬಿದ ಒಂದೆಲಗದ್ದು.

"ಬುದ್ಧಿಗೆ ಒಳ್ಳೇದು."

"ಅಮ್ಮಾ, ನನಗೆ ಇನ್ನು ಬುದ್ಧಿ ಬಂದು ಏನಾಗಬೇಕು?"

"ಹಂಗಾರೆ ತಂಪಿಗೆ ಅಂದ್ಕಂಡು ಉಣ್ಣು."

ಎಲೆಯ ಮೇಲೆ ಏನೇನು ಬಂತೋ ಅದಕ್ಕೆಲ್ಲ ಒಂದೊಂದು ಗುಣ ಇತ್ತು. ದೊಡ್ಡಪತ್ರೆ ಕೆಮ್ಮಿಗೆ, ಮುರುಗಲು ಪಿತ್ತಕ್ಕೆ, ಅಪ್ಪೆಹುಳಿ ನಿದ್ದೆಗೆ. ಅಪ್ಪೆಹುಳಿಯ ಮಾತು ನಿಜ ಇರಬೇಕು, ಊಟವಾದ ಮೇಲೆ ಜಗಲಿಯ ಚಿಟ್ಟೆಯ ಮೇಲೆ ಕೂತವನು ಅಲ್ಲೇ ಒರಗಿದೆ. ಎದ್ದಾಗ ಕಷಾಯ ಬಂತು. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಮಾಡಿದ ಪುಡಿ, ಹಾಲು, ಜೋನಿಬೆಲ್ಲ. ಅದು ಶೀತಕ್ಕೆ. ನನಗೆ ಶೀತ ಇರಲಿಲ್ಲ. "ಬಪ್ಪುಕ್ಕಿಂತ ಮೊದಲೇ ಕುಡಿಯಕ್ಕು," ಎಂದರು.

ಇಷ್ಟೆಲ್ಲ ಕೇಳಿದ ಮೇಲೆ ನಾನು ಉಪ್ಪಾಗೆಯ ಗುಣ ಏನು ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಅದಕ್ಕೆ ಎಂತದೂ ಇಲ್ಲೆ. ಹುಳಿ, ಅಷ್ಟೇಯ." ಆಮೇಲೆ ಏನೋ ನೆನಪಾಗಿ ಒಳಗೆ ಹೋಗಿ, ಒಂದು ಹಳೆಯ ಡಬ್ಬಿಯ ತಳದಲ್ಲಿ ಉಳಿದಿದ್ದ ಬಿಳಿಹಳದಿ ಬಣ್ಣದ ಗಟ್ಟಿ ತುಂಡೊಂದನ್ನು ತಂದು ತೋರಿಸಿದರು. ಉಪ್ಪಾಗೆ ತುಪ್ಪ. ಹಣ್ಣಿನ ಬೀಜ ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಜಿಡ್ಡು. ಮನೆಯಲ್ಲಿ ಕರಾವು ಇಲ್ಲದ ದಿನಗಳಲ್ಲಿ ದೋಸೆಗೆ ಅದನ್ನೇ ಸವರುತ್ತಿದ್ದರಂತೆ. ಕೊಬ್ಬು ಕರಗಿಸುತ್ತದೆ ಎಂದು ಜಗತ್ತಿಗೆಲ್ಲ ಹೆಸರಾದ ಹಣ್ಣಿನಿಂದ ಅದರ ಸ್ವಂತ ಊರಿನ ಜನ ಕೊಬ್ಬು ತೆಗೆದು ದೋಸೆ ಎರೆದುಕೊಂಡು ತಿನ್ನುತ್ತಿದ್ದರು. ನಾನು ನಕ್ಕೆ. ಅವರಿಗೆ ನಗುವಿನ ಕಾರಣ ತಿಳಿಯಲಿಲ್ಲ. ಗೆಳೆಯ ವಿವರಿಸಿದ ಮೇಲೆ, "ತೆಳ್ಳಗಾಗುಲೆ ಕಡಿಮೆ ಉಂಡರೆ ಆತಿಲ್ಯ?" ಎಂದು ಕೇಳಿದರು.

ಆ ಅಡುಗೆಮನೆಯಲ್ಲಿ ಕೇಳಿದ ಗುಣಗಳ ಬಗ್ಗೆ ಆಮೇಲೆ ಬಹಳ ಯೋಚಿಸಿದ್ದೇನೆ. ಬುದ್ಧಿಗೆ, ಪಿತ್ತಕ್ಕೆ, ಶೀತಕ್ಕೆ ಎಂಬ ಮಾತುಗಳಲ್ಲಿ ಇಂತಿಷ್ಟು ದಿನದಲ್ಲಿ ಇಂತಿಷ್ಟು ಫಲ ಎಂಬ ಖಾತರಿ ಇಲ್ಲ. ಒಂದೆಲಗ ಇವತ್ತು, ದೊಡ್ಡಪತ್ರೆ ನಾಳೆ, ಆಚೆ ನಾಳೆ ಇನ್ನೇನೋ ಚಿಗುರು. ಯಾವುದೂ ರಾಶಿ ಹೊಟ್ಟೆಗೆ ಹೋಗುವುದಿಲ್ಲ, ಯಾವುದೂ ದಿನಾ ಹೋಗುವುದಿಲ್ಲ. ಬದುವಿನಲ್ಲಿ ಬೆಳೆದದ್ದನ್ನು ಮಕ್ಕಳು ಮೊಮ್ಮಕ್ಕಳು ಮುಖ ಕಿವುಚದೆ ತಿನ್ನಲಿ ಎಂದು ಹೇಳಿದ ಒಳ್ಳೆಯ ಮಾತು ಅದು. ಗುಣ ಸುಳ್ಳಾದರೂ ಊಟ ಸುಳ್ಳಾಗುವುದಿಲ್ಲ.

ಅಡುಗೆಮನೆಯ ಮಾತು ಪ್ರಯೋಗಾಲಯಕ್ಕೆ ಹೋಗಿ ಗೆದ್ದು ಬಂದದ್ದೂ ಇದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಅರಿಶಿನದ ಸಾರವಾದ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರಿನ್ ಕೊಟ್ಟು ನೋಡಿದರು. ಒಂಟಿಯಾಗಿ ಕೊಟ್ಟ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಕಷ್ಟ. 2 ಗ್ರಾಂ ಕರ್ಕ್ಯುಮಿನ್‌ಗೆ ಬರೀ 20 ಮಿಲಿಗ್ರಾಂ ಪೈಪರಿನ್ ಸೇರಿಸಿದಾಗ ಮನುಷ್ಯರಲ್ಲಿ ಅದರ ಲಭ್ಯತೆ ಶೇ. 2000ರಷ್ಟು ಏರಿತು. ಅರಿಶಿನ ಮತ್ತು ಮೆಣಸು ಒಟ್ಟಿಗೆ ಹಾಕುವ ನಮ್ಮ ಅಜ್ಜಿಯರು ಜಾಣೆಯರು ಎಂದು ಇದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು. 2 ಗ್ರಾಂ ಬೇಕಾದರೆ 60 ಗ್ರಾಂಗೂ ಹೆಚ್ಚು ಪುಡಿ ತಿನ್ನಬೇಕು. ಒಗ್ಗರಣೆಗೆ ಚಿಟಿಕೆ ಹಾಕುವ ಮನೆಯಲ್ಲಿ ಅಷ್ಟು ಅರಿಶಿನ ವಾರಗಟ್ಟಲೆ ಬರುತ್ತದೆ. ಅದನ್ನು ಒಂದೇ ಗುಳಿಗೆಗೆ ತುಂಬಿ, ಮೆಣಸಿನ ಸಾರವನ್ನೂ ಸೇರಿಸಿ ದಿನಾ ನುಂಗಿದವರಲ್ಲಿ ಕೆಲವರಿಗೆ ಯಕೃತ್ತು ಕೆಟ್ಟ ಪ್ರಕರಣಗಳನ್ನು ಅಮೆರಿಕದ ತಜ್ಞರು ದಾಖಲಿಸಿದ್ದಾರೆ. ತಂಬುಳಿ ಉಂಡು ಯಕೃತ್ತು ಕೆಟ್ಟವರ ಸುದ್ದಿ ನಾನು ಕೇಳಿಲ್ಲ.

ಮರುದಿನ ಶಿರಸಿ ಪೇಟೆಗೆ ಹೋದೆವು. ಅಡಿಕೆ ವ್ಯಾಪಾರದ ಊರು ಅದು. ಅದರ ನಡುವೆ ಕಾಡುತ್ಪತ್ತಿ ಕೊಳ್ಳುವ ಒಂದು ಹಳೆಯ ಮಳಿಗೆ. ಸೀಗೆಕಾಯಿ, ಅಂಟುವಾಳ, ರಾಮಪತ್ರೆ, ದಾಲ್ಚಿನ್ನಿ ಮೊಗ್ಗು, ಮುರುಗಲು ಸಿಪ್ಪೆ. ಯಜಮಾನರು ಒಂದು ಚೀಲದ ಬಾಯಿ ಬಿಚ್ಚಿ ಕೈ ಹಾಕಲು ಹೇಳಿದರು. ಕಪ್ಪಗೆ ಸುಕ್ಕಿದ, ಚರ್ಮದ ಹಾಗೆ ಬಾಗುವ ಚೂರುಗಳು. ಮೂಗಿಗೆ ಮೊದಲು ಹೊಗೆ ಬಡಿಯಿತು, ಹಿಂದೆಯೇ ಹುಳಿ. ಒಂದು ಎಳೆ ಹರಿದು ಬಾಯಿಗೆ ಹಾಕಿದೆ. ದವಡೆಯ ಎರಡೂ ಮೂಲೆಯಲ್ಲಿ ನೀರು ಒಡೆಯಿತು.

"ನಮ್ಮ ಅಪ್ಪನ ಕಾಲದಲ್ಲಿ ಇದು ಕೇರಳಕ್ಕೆ ಮೀನು ಸಾರಿಗೆ ಹೋಗ್ತಿತ್ತು," ಎಂದರು ಯಜಮಾನರು. "ಯಾರೂ ಕೇಳೋರಿರಲಿಲ್ಲ. ತೊಂಬತ್ತರ ದಶಕದಲ್ಲಿ ಒಮ್ಮೆಲೇ ಬೇಡಿಕೆ ಬಂತು. ಅಮೆರಿಕದವರು ತೆಳ್ಳಗಾಗ್ತಾರಂತೆ ಅಂದ್ರು. ಕಾಡಿಗೆ ಕಾಡೇ ಉಪ್ಪಾಗೆ ಹಿಂದೆ ಬಿತ್ತು. ಅಂಗನವಾಡಿಗೆ ಹೋಗೋ ಮಕ್ಕಳಿಗೂ ಉಪ್ಪಾಗೆ ರೇಟು ಗೊತ್ತಿತ್ತು ಮಾರಾಯ್ರೆ. ಆಮೇಲೆ ಇಳೀತು. ಮತ್ತೆ ಏರಿತು. ಮತ್ತೆ ಇಳೀತು. ಅಲ್ಲಿಯವರು ತೆಳ್ಳಗಾದ್ರಾ?"

ಆ ಪ್ರಶ್ನೆಗೆ ಉತ್ತರ ಇದೆ. ಅದು ಆ ಮಳಿಗೆಗೆ ತಲುಪಿಲ್ಲ, ಅಷ್ಟೆ.

ಕಥೆ ಶುರುವಾಗುವುದು ನಮ್ಮ ಮೈಸೂರಿನಲ್ಲಿ. ಉಪ್ಪಾಗೆಯ ಹುಳಿ ನಿಂಬೆಯದೋ ಹುಣಸೆಯದೋ ಎಂಬ ಗೊಂದಲ ಬಹಳ ಕಾಲ ಇತ್ತು. 1965ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅದು ಎರಡೂ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. ಅವರು ಹುಡುಕುತ್ತಿದ್ದದ್ದು ಅಡುಗೆಯ ಹುಳಿಯ ಗುಟ್ಟು. ನಾಲ್ಕು ವರ್ಷದ ಮೇಲೆ ಅಮೆರಿಕದ ಬ್ರ್ಯಾಂಡೀಸ್ ವಿಶ್ವವಿದ್ಯಾಲಯದಲ್ಲಿ ಈ ಆಮ್ಲಕ್ಕೆ ಇನ್ನೊಂದು ಗುಣ ಕಂಡಿತು. ಹೆಚ್ಚಾದ ಪಿಷ್ಟವನ್ನು ದೇಹ ಕೊಬ್ಬಾಗಿ ಮಾಡುವಾಗ ಬೇಕಾಗುವ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಎಪ್ಪತ್ತರ ದಶಕದಲ್ಲಿ ಔಷಧ ಕಂಪನಿಯೊಂದರ ವಿಜ್ಞಾನಿಗಳು ಇಲಿಗಳಿಗೆ ಕೊಟ್ಟರು. ಇಲಿಗಳ ಮೇವು ಕಡಿಮೆಯಾಯಿತು, ತೂಕವೂ ಕಡಿಮೆಯಾಯಿತು. ವ್ಯಾಪಾರಕ್ಕೆ ಇಷ್ಟು ಸಾಕಿತ್ತು.

ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಯ ಫಲ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದದ್ದು 1998ರ ನವೆಂಬರಿನಲ್ಲಿ. ತೂಕ ಹೆಚ್ಚಿದ್ದ 135 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, 12 ವಾರ ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇರುವ ಗುಳಿಗೆ, ಇನ್ನೊಂದಕ್ಕೆ ಏನೂ ಇಲ್ಲದ ಗುಳಿಗೆ ಕೊಟ್ಟರು. ಎರಡೂ ಗುಂಪಿಗೆ ಪಥ್ಯದ ಊಟ ಒಂದೇ. ಉಪ್ಪಾಗೆ ನುಂಗಿದವರು ಸರಾಸರಿ 3.2 ಕಿಲೋ ಇಳಿದರು. ಏನೂ ಇಲ್ಲದ ಗುಳಿಗೆ ನುಂಗಿದವರು 4.1 ಕಿಲೋ ಇಳಿದರು. ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟಲ್ಲ ಎಂದು ಸಂಶೋಧಕರೇ ಹೇಳಿದರು. ಇಳಿದ ತೂಕ ಪಥ್ಯದ್ದು. ಶಿರಸಿಯ ಅಮ್ಮ ಹೇಳಿದ್ದೂ ಇದನ್ನೇ.

ಅಲ್ಲಿಗೆ ಮುಗಿಯಬೇಕಿತ್ತು. 2012ರಲ್ಲಿ ಅಮೆರಿಕದ ಟಿ.ವಿ. ವೈದ್ಯ ಮೆಹ್ಮೆತ್ ಓಝ್ ತಮ್ಮ ಕಾರ್ಯಕ್ರಮದಲ್ಲಿ ಇದೇ ಹಣ್ಣನ್ನು ಹೊಗಳಿದ ಮೇಲೆ ಮಾರಾಟ ಮತ್ತೆ ಜಿಗಿಯಿತು. ಇಂಥ ಹೊಗಳಿಕೆಗಳಿಗಾಗಿ 2014ರ ಜೂನ್‌ನಲ್ಲಿ ಅಲ್ಲಿನ ಸೆನೆಟ್ ಸಮಿತಿ ಅವರನ್ನು ಕರೆದು ಪ್ರಶ್ನಿಸಿತು. ಈ ನಡುವೆ ಕೆಲವರ ಯಕೃತ್ತಿಗೆ ಏಟು ಬಿತ್ತು. ಅಮೆರಿಕದಲ್ಲಿ ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ಗಮನಿಸುವ ತಜ್ಞರ ಜಾಲ ಉಪ್ಪಾಗೆ ಸಾರವಿದ್ದ ಗುಳಿಗೆಗಳಿಂದಾದ 22 ಪ್ರಕರಣಗಳನ್ನು ವಿವರಿಸಿದೆ. ನುಂಗಿದ ಲಕ್ಷಾಂತರ ಜನರಲ್ಲಿ ಇದು ಸಣ್ಣ ಸಂಖ್ಯೆ. ಫಲವೇ ಇಲ್ಲದ ಮದ್ದಿಗೆ ಅಷ್ಟು ಅಪಾಯವೂ ದುಬಾರಿ.

ಸಿದ್ದಾಪುರ ದಾಟಿ ಮಾವಿನಗುಂಡಿಯ ಕಡೆ ಹೋಗುವಾಗ ರಸ್ತೆ ಪಕ್ಕದ ಒಂದು ಸೋಗೆ ಮಾಡಿನಿಂದ ಹೊಗೆ ಎದ್ದು, ಮಳೆಯ ಭಾರಕ್ಕೆ ಮೇಲೆ ಹೋಗಲಾರದೆ ನೆಲದ ಮೇಲೇ ಹರಡುತ್ತಿತ್ತು. ಗೆಳೆಯ ಬಂಡಿ ನಿಲ್ಲಿಸಿದ. ಒಳಗೆ ಕಲ್ಲು ಮಣ್ಣಿನ ಒಲೆ, ಒಲೆಯ ಮೇಲೆ ಆಳೆತ್ತರಕ್ಕೆ ಬಿದಿರಿನ ತಟ್ಟಿ, ತಟ್ಟಿಯ ಮೇಲೆ ಉಪ್ಪಾಗೆ ಸಿಪ್ಪೆ. ನೆಲದಲ್ಲಿ ಗುಡ್ಡೆ ಹಾಕಿದ ಹಣ್ಣುಗಳ ಮುಂದೆ ಒಬ್ಬಾಕೆ ಕೂತಿದ್ದರು.

ಉಪ್ಪಾಗೆ ಹಣ್ಣನ್ನು ನಾನು ಕೈಯಲ್ಲಿ ಹಿಡಿದದ್ದು ಅಲ್ಲಿಯೇ. ನಿಂಬೆಗಿಂತ ದೊಡ್ಡದು, ಮೈತುಂಬ ಉದ್ದುದ್ದ ಗೀರು, ಗೊಂಬೆ ಆಟಕ್ಕೆ ಮಾಡಿದ ಕುಂಬಳಕಾಯಿಯ ಹಾಗೆ. ಆಕೆ ಎರಡೂ ಹೆಬ್ಬೆರಳು ಒತ್ತಿ ಹಣ್ಣನ್ನು ಗೀರಿನಗುಂಟ ಬಿಡಿಸುತ್ತಿದ್ದರು. ಒಳಗಿನ ಬಿಳಿ ತಿರುಳು ಕಟ್ಟಿದ ಬೀಜಗಳು ಒಂದು ಬುಟ್ಟಿಗೆ, ಸಿಪ್ಪೆಯ ಎಸಳುಗಳು ಇನ್ನೊಂದಕ್ಕೆ. ಒಂದು ಬೀಜ ಬಾಯಿಗೆ ಹಾಕಿಕೊಳ್ಳಲು ಕೊಟ್ಟರು. ತಿರುಳು ಸಿಹಿಹುಳಿ, ಹಲ್ಲಿಗೆ ಅಂಟುವ ಹಾಲು. ಅವರ ಬೆರಳ ತುದಿಗಳನ್ನು ನೋಡಿದೆ. ಹುಳಿ ತಿಂದು ಚರ್ಮ ಬೆಳ್ಳಗೆ ಸುಲಿದಿತ್ತು, ಉಗುರಿನ ಸಂದಿ ಕಪ್ಪಾಗಿತ್ತು.

"ಉರಿಯಲ್ವಾ ಅಕ್ಕಾ?"

"ಮೊದಲ ವಾರ ಉರೀತದೆ. ಆಮೇಲೆ ಗೊತ್ತಾಗೂದಿಲ್ಲ."

"ಬಿಸಿಲಿಗೆ ಒಣಗಿಸಿದರೆ ಆಗಲ್ವಾ?"

"ಈ ಮಳೆಗಾಲದಾಗೆ ಬಿಸಿಲು ಎಲ್ಲಿಂದ ತರೂದು? ಒಂದು ದಿನ ಬಿಟ್ರೆ ಬೂಸ್ಟು ಹಿಡೀತದೆ."

ಒಲೆ ರಾತ್ರಿಯೂ ಆರುವಂತಿಲ್ಲ. ಒಬ್ಬರಲ್ಲ ಒಬ್ಬರು ಎದ್ದು ಕಟ್ಟಿಗೆ ನೂಕುತ್ತಾರೆ, ಸಿಪ್ಪೆ ಮಗುಚುತ್ತಾರೆ. ಹಳದಿ ಎಸಳು ಕಂದಾಗಿ, ಕಂದು ಕಪ್ಪಾಗಿ, ರಾಶಿ ಕರಗಿ ಕರಗಿ ಕೊನೆಗೆ ಒಂದು ಮೂಲೆಗೆ ಬರುತ್ತದೆ. ಒಲೆಯ ಬಾಯಲ್ಲಿ ಉರಿಯುತ್ತಿದ್ದದ್ದು ಕಾಡಿನದೇ ಮರ. ಕಡಿಮೆ ಕಟ್ಟಿಗೆಯ ಒಲೆ ಕಟ್ಟಿಸಿಕೊಂಡವರೂ ಇದ್ದಾರಂತೆ. ಇವರ ಮಾಡಿನಲ್ಲಿ ಹಳೆಯದೇ ಇತ್ತು.

ನನಗೆ ನಮ್ಮೂರಿನ ಹುಣಸೆ ನೆನಪಾಯಿತು. ನಮ್ಮ ಕಡೆ ಹುಣಸೆ ಉದುರಿಸುವುದು ಚಳಿಗಾಲ ಕಳೆದು ಬಿಸಿಲು ಏರುವಾಗ. ಮಾಳಿಗೆಯ ಮೇಲೆ ಹರವಿದರೆ ಕಾಸು ಖರ್ಚಿಲ್ಲದೆ ಒಣಗುತ್ತದೆ. ಹೆಂಗಸರು ಜಗಲಿಯಲ್ಲಿ ಕೂತು ಕುಟ್ಟಿ, ಬೀಜ ತೆಗೆದು, ಉಪ್ಪು ಹಾಕಿ ಮಡಕೆಗೆ ತುಂಬಿದರೆ ವರ್ಷದ ಹುಳಿ ಆಯಿತು. ಉಪ್ಪಾಗೆಯದು ತಿರುಗುಮುರುಗು ಹಣೆಬರಹ, ಮಳೆ ಹೊಯ್ಯುವಾಗಲೇ ಅದು ಹಣ್ಣಾಗಬೇಕು. ಮನೆ ಖರ್ಚಿಗೆ ಒಂದು ಬುಟ್ಟಿ ಒಣಗಿಸುವಾಗ ಅಡುಗೆ ಒಲೆಯ ಮೇಲಿನ ಅಟ್ಟದ ಹೊಗೆಯೇ ಸಾಕಾಗುತ್ತಿತ್ತು. ಗುಳಿಗೆ ಕಾರ್ಖಾನೆಗೆ ಲೋಡುಗಟ್ಟಲೆ ಒಣಗಿಸಲು ಹೊರಟ ಮೇಲೆ ಹುಳಿಯ ಜೊತೆ ಕಾಡನ್ನೂ ಒಲೆಗೆ ಹಾಕಬೇಕಾಯಿತು. ಡಬ್ಬಿಯ ಮೇಲೆ ನೈಸರ್ಗಿಕ ಎಂದು ಬರೆದಿರುತ್ತದೆ. ಎಷ್ಟು ನಿಸರ್ಗ ಉರಿದಿದೆ ಎಂಬುದನ್ನು ಯಾರೂ ಬರೆಯುವುದಿಲ್ಲ.

ಮುಂದೆ ಕತ್ತಲೆಕಾನು ಎಂಬ ಕಾಡಿಗೆ ಬರುವ ಹೊತ್ತಿಗೆ ಮಧ್ಯಾಹ್ನದಲ್ಲೇ ಬೆಳಕು ಸೋತಿತ್ತು. ಬೂಟಿನೊಳಗೆ ಆಗಲೇ ಉಂಬಳ ಸೇರಿದ್ದವು. ಕಂಬಳಿಕೊಪ್ಪೆ ಹೊದ್ದ, ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು, ಗೆಳೆಯನ ಪರಿಚಯದವರು, ನಮ್ಮನ್ನು ಒಳಗೆ ಕರೆದುಕೊಂಡು ಹೋದರು. ಕೈಯಲ್ಲಿ ದೋಟಿ. ಹಳ್ಳದ ಜಡ್ಡಿಯಲ್ಲಿ ರಾಮಪತ್ರೆ ಮರಗಳ ಬೇರುಗಳು ಮಂಡಿ ಮಡಚಿ ನೀರಿನಿಂದ ಎದ್ದಿದ್ದವು. ದಿಬ್ಬದ ಮೇಲೆ ಉಪ್ಪಾಗೆ. ಕಪ್ಪು ಕಾಂಡ, ಅಡ್ಡಕ್ಕೆ ಚಾಚಿದ ಟೊಂಗೆಗಳು, ಮಿರುಗುವ ಎಲೆ. ಬುಡದಲ್ಲಿ ಅರೆ ತಿಂದ ಹಣ್ಣುಗಳು ಬಿದ್ದಿದ್ದವು.

"ಸಿಂಗಳೀಕ ತಿಂದದ್ದು," ಎಂದರು. "ಅದು ಹಣ್ಣಾದದ್ದನ್ನೇ ತಿಂತದೆ. ಬೀಜ ಬಿಸಾಡ್ತದೆ, ಸಸಿ ಆಗ್ತದೆ. ನಾವು ಹಸಿಗಾಯಿನೂ ಬಿಡಲಿಲ್ಲ."

ಬೇಡಿಕೆ ಉಕ್ಕಿದ ವರ್ಷಗಳ ಕಥೆಯನ್ನು ಅವರು ಮುಚ್ಚುಮರೆ ಇಲ್ಲದೆ ಹೇಳಿದರು. ಅಡಿಕೆ ತೋಟದವರಿಗೆ ಬಿಟ್ಟ ಸೊಪ್ಪಿನ ಬೆಟ್ಟದಲ್ಲಿ ಮರ ಯಾರದೆಂದು ಎಲ್ಲರಿಗೂ ಗೊತ್ತು. ಅಲ್ಲಿ ಹಣ್ಣಾಗುವವರೆಗೆ ಕಾಯುತ್ತಿದ್ದರು. ಸರ್ಕಾರಿ ಕಾಡಿನಲ್ಲಿ ಕಾಯುವವನು ದಡ್ಡ. "ಇವತ್ತು ನಾನು ಬಿಟ್ಟರೆ ನಾಳೆ ಇನ್ನೊಬ್ಬ ಕೊಯ್ತಾನೆ. ಹತ್ತೋಕೆ ಪುರುಸೊತ್ತಿಲ್ಲ ಅಂತ ಟೊಂಗೆ ಕಡಿದವರೂ ಇದ್ರು." ಒಂದು ಮರದ ಪಕ್ಕ ನಿಂತು ಹಳೆಯ ಕತ್ತಿಯ ಗಾಯ ತೋರಿಸಿದರು. ತೊಗಟೆ ಸುತ್ತ ಉಬ್ಬಿ ಬಂದು ಗಾಯವನ್ನು ಮುಚ್ಚಿತ್ತು, ಗುರುತು ಉಳಿದಿತ್ತು. ಈ ಕೊಯ್ಲು, ಕಾಡು ಮತ್ತು ಇಲ್ಲಿನ ಬದುಕಿನ ನಂಟಿನ ಬಗ್ಗೆ ಸಂಶೋಧಕ ನಿತಿನ್ ರೈ ಸಂಗಡಿಗರೊಬ್ಬರ ಜೊತೆ ಬರೆದ ಅಧ್ಯಯನ 2004ರಲ್ಲಿ ಪ್ರಕಟವಾಗಿದೆ. ಊರಿಗೆ ಬಂದ ಮೇಲೆ ಅದರ ವಿಷಯ ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಗಾಯ.

ಹಿರಿಯರು ಒಣಕಲು ಆಳು, ಪಕ್ಕೆಲುಬು ಎಣಿಸಬಹುದು. "ನೀವು ಉಪ್ಪಾಗೆ ತಿಂದೇ ಹೀಗಿದ್ದೀರಾ?" ಎಂದು ಗೆಳೆಯ ಚುಡಾಯಿಸಿದ. "ಹತ್ತಿ ಹೀಗಿದೀನಿ," ಎಂದರು ಅವರು, ಮರ ತೋರಿಸಿ.

ಮಲೆಮನೆ ಘಟ್ಟ ಇಳಿದು ಗೇರುಸೊಪ್ಪೆಗೆ ಬಂದಾಗ ಸೆಕೆ ಶುರುವಾಯಿತು. ಶರಾವತಿಯ ದಂಡೆಯ ಕಾಡಿನಲ್ಲಿ, ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ಹೋದೆವು. ನಾಲ್ಕೂ ದಿಕ್ಕಿಗೆ ಬಾಗಿಲು, ನಾಲ್ಕೂ ಬಾಗಿಲಿಗೆ ಒಬ್ಬೊಬ್ಬ ಜಿನ. ಕಲ್ಲಿನ ಮೇಲೆ ಪಾಚಿ ಹಸಿರಾಗಿ ಹಬ್ಬಿತ್ತು. 16ನೆಯ ಶತಮಾನದಲ್ಲಿ ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೇಲಿನ ಕಾಳುಮೆಣಸು ಈ ನದಿಯಗುಂಟ ಇಳಿದು ಹಡಗು ಹತ್ತುತ್ತಿತ್ತು. ಆಗಲೂ ಯುರೋಪಿನವರು ಮೆಣಸನ್ನು ಅಡುಗೆಗಷ್ಟೇ ಅಲ್ಲ, ಮದ್ದಿಗೂ ಕೊಳ್ಳುತ್ತಿದ್ದರು.

ಹಾಗಾಗಿ ಈ ಸೀಮೆಯ ಕಾಡು ದೂರದೇಶದ ಹೊಟ್ಟೆಗೆ ಹೋಗುವುದು ಹೊಸದಲ್ಲ. ಬಸದಿಯ ಮೆಟ್ಟಿಲ ಮೇಲೆ ಕೂತು ಮಳೆ ನಿಲ್ಲುವುದನ್ನು ಕಾಯುತ್ತ ನಾನು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಲಿಸ್ಬನ್ನಿನಲ್ಲಿ ಮೆಣಸು ಕೊಂಡವನಿಗೆ ಅದು ಕೊನೆಗೆ ಖಾರವಾದರೂ ಕೊಟ್ಟಿತು. ಮದ್ದಿನ ಮಾತು ಹುಸಿಯಾದರೂ ಸಾರು ರುಚಿಯಾಯಿತು. ಅದಕ್ಕೇ ನಾಲ್ಕೈದು ಶತಮಾನವಾದರೂ ಮೆಣಸಿನ ಬಳ್ಳಿ ತೋಟದಲ್ಲಿ ಉಳಿದಿದೆ, ಜನ ನೆಟ್ಟು ಸಾಕುತ್ತಿದ್ದಾರೆ. ಗುಳಿಗೆಯೊಳಗೆ ಹೋದ ಉಪ್ಪಾಗೆ ನಾಲಗೆಯನ್ನು ಮುಟ್ಟುವುದೇ ಇಲ್ಲ. ಹುಳಿಯಾಗಿದ್ದಾಗ ಅದು ಕೊಟ್ಟ ಮಾತಿಗೆ ತಪ್ಪುತ್ತಿರಲಿಲ್ಲ. ತೂಕದ ಮಾತನ್ನು ಅದರ ಬಾಯಲ್ಲಿ ಬೇರೆಯವರು ಆಡಿಸಿದರು. ಆ ಮಾತು ಸುಳ್ಳಾದ ದಿನ ಬೆಲೆ ಬಿದ್ದದ್ದು ಸಿದ್ದಾಪುರದ ಸೋಗೆ ಮಾಡಿನಲ್ಲಿ.

ನಮ್ಮ ಬಯಲುಸೀಮೆಗೆ ಬಂದರೆ ಇದೇ ಆಟ ಬೇರೆ ವೇಷದಲ್ಲಿ ನಡೆಯುತ್ತಿದೆ. ಸಾಮೆ, ನವಣೆ, ಹಾರಕ ನಮ್ಮ ಅಜ್ಜಿಯ ಕಾಲಕ್ಕೆ ಬಡವರ ಕಾಳುಗಳು. ಮಳೆ ಕೈಕೊಟ್ಟ ವರ್ಷ ಹೊಟ್ಟೆ ಹೊರೆದವು. ಅನ್ನ ಉಣ್ಣುವಷ್ಟು ಅನುಕೂಲ ಬಂದ ಕೂಡಲೇ ಜನ ಅವನ್ನು ಬಿಟ್ಟರು. ಈಗ ಅವು ಸಿರಿಧಾನ್ಯಗಳಾಗಿವೆ. ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿತು. ನನಗೆ ಇದರಲ್ಲಿ ಸಂತೋಷವೇ ಇದೆ, ಒಣಭೂಮಿಯ ರೈತನಿಗೆ ನಾಲ್ಕು ಕಾಸು ಬಂದರೆ ಯಾರಿಗೆ ಬೇಡ? ನಾರು ಹೆಚ್ಚಿರುವ ಕಾಳು ಪಾಲಿಶ್ ಅಕ್ಕಿಗಿಂತ ಮೇಲು ಎಂಬುದೂ ನಿಜ. ಆದರೆ ನವಣೆ ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಮಾತ್ರೆ ಬಿಡಬಹುದು ಎಂದು ವೇದಿಕೆಯ ಮೇಲೆ ಹೇಳುವುದನ್ನು ಕೇಳಿದಾಗಲೆಲ್ಲ ಶಿರಸಿ ಪೇಟೆಯ ಯಜಮಾನರ ಮಾತು ಕಿವಿಗೆ ಬೀಳುತ್ತದೆ. ಏರಿತು, ಇಳೀತು, ಮತ್ತೆ ಏರಿತು. ಮದ್ದೆಂದು ಮಾರಿದ ಕಾಳು ಮದ್ದಲ್ಲವೆಂದು ಗೊತ್ತಾದ ದಿನ ಊಟವಾಗಿಯೂ ಉಳಿಯುವುದಿಲ್ಲ ಎಂಬುದು ನನ್ನ ಭಯ.

ಆಹಾರಕ್ಕೆ ಗುಣವಿಲ್ಲ ಎಂದು ನಾನು ಹೇಳುತ್ತಿಲ್ಲ. ಸೊಪ್ಪು, ಕಾಳು, ಮಸಾಲೆ ಎಲ್ಲ ಸೇರಿದ ತಟ್ಟೆ ವರ್ಷಗಟ್ಟಲೆ ಮೈಯನ್ನು ಕಾಯುತ್ತದೆ. ಆ ಕಾಯುವಿಕೆ ನಿಧಾನದ್ದು, ಒಂದು ಹಣ್ಣಿನ ಒಂದು ಆಮ್ಲಕ್ಕೆ ಅದರ ಕೀರ್ತಿ ಕಟ್ಟಲು ಬರುವುದಿಲ್ಲ. ಮೊಮ್ಮಗನಿಗೆ ಒಂದೆಲಗ ಬುದ್ಧಿಗೆ ಒಳ್ಳೆಯದು ಎಂದು ಹೇಳಿ ತಂಬುಳಿ ಬಡಿಸುವ ಅಜ್ಜಿಯನ್ನು ಪ್ರಶ್ನಿಸುವ ಅಗತ್ಯ ನನಗೆ ಕಾಣುವುದಿಲ್ಲ. ಆಕೆ ಮಾರುತ್ತಿಲ್ಲ, ಪ್ರಮಾಣ ಮೀರುತ್ತಿಲ್ಲ, ವೈದ್ಯರ ಮಾತ್ರೆ ಬಿಡಿ ಎನ್ನುತ್ತಿಲ್ಲ. ಇದೇ ಮಾತನ್ನು ಸಾರ ಹಿಂಡಿ, ಹತ್ತಾರು ಪಟ್ಟು ಗಟ್ಟಿ ಮಾಡಿ, ಬೆಲೆ ಚೀಟಿ ಅಂಟಿಸಿ ಹೇಳುವವರನ್ನು ಮಾತ್ರ ಪ್ರಶ್ನಿಸಲೇಬೇಕು. ಮನುಷ್ಯರ ಮೇಲೆ ಪರೀಕ್ಷೆ ಆಗಿದೆಯೇ, ಎಷ್ಟು ಜನರ ಮೇಲೆ, ಏನು ಫಲ ಬಂತು?

ಉಪ್ಪಾಗೆ ಸಿಕ್ಕರೆ ಎರಡು ಎಸಳು ನೀರಿನಲ್ಲಿ ನೆನೆಸಿ, ಮೀನು ಸಾರಿಗೋ ಬೇಳೆ ಸಾರಿಗೋ ಹಾಕಿ ನೋಡಿ. ಹುಣಸೆಯಲ್ಲಿ ಇಲ್ಲದ ಒಂದು ಹೊಗೆಯ ರುಚಿ ಅದಕ್ಕಿದೆ. ಅಡುಗೆಗೆ ಕೊಳ್ಳುವವರು ಹೆಚ್ಚಾದರೆ ಕೊಯ್ಯುವವರಿಗೂ ಏರಿಳಿತದ ಕಾಟ ತಪ್ಪೀತು. ಮನೆಯಲ್ಲಿ ಯಾರಾದರೂ ಇದರ ಗುಳಿಗೆಯನ್ನೋ ಅರಿಶಿನದ ಗುಳಿಗೆಯನ್ನೋ ನುಂಗುತ್ತಿದ್ದರೆ, ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಲು ಹೇಳಿ. ಗಿಡಮೂಲಿಕೆಯಲ್ಲವೇ, ಇದನ್ನೇನು ಹೇಳುವುದು ಎಂದು ಮುಚ್ಚಿಡಬೇಡಿ.